ತಿರುವಿ ಹೊಲಿದ ತುಂಡು

ಪುಣೆ ಒಳಗ ಒಂದು ಜಾಗಾಕ್ಕ ಪಾಷಾಣ ಅಂತ ಹೆಸರು.
ನಮ್ಮ ಕಡೆ ಇಲಿಗೆ ಇಡೂದಕ್ಕ ಹಂಗ ಅಂತಾರ.
ಅಲ್ಲೆ, ಜಾಳಿ ಹೊದಿಸಿದ ಗಾಜಿನ ಮನ್ಯಾಗ
ದಿನಾ ಮುಂಜಾನೆ ನಾನು
ನಲವತ್ತು ಕುಂಡದ ಕರಿಬೇವಿಗೆ ನೀರು ಹಾಕಬೇಕು,
ಹುಳ ತಿಂದ ಎಲಿ ಎಣಸಬೇಕು, ಹಿಕ್ಕಿ ಉಡಗಬೇಕು.
ವಗ್ಗರಣಿಗೆ ಅಂತ ಒಂದು ಎಸಳೂ ಮನಿಗೆ ಒಯ್ಯಾಂಗಿಲ್ಲ.

ಹುಳ ಮೊದಲ ಹಕ್ಕಿ ಹಿಕ್ಕಿಯಂಗ ಕಾಣತದ,
ಆಮ್ಯಾಲ ಹಸರು. ಆಮ್ಯಾಲ ನಡಕ್ಕ ಒಂದು ದಾರ ಸುತಗೊಂಡು
ಕಡ್ಡಿಗೆ ಆನಿಕೊಂಡು ಬಿಡತದ,
ಸೊಲ್ಲಾಪುರ ಗಾಡಿ ಬಾಗಲದಾಗ
ಟಾವೆಲ್ ಕಟಗೊಂಡು ನಿದ್ದಿ ಹೊಡಿಯೂ ಮಂದಿಯಂಗ.
ಒಳಗ ಏನ ನಡದದ ಅಂತ ಹದಿನಾಕು ವರ್ಷ ನಾ ಕೇಳಲಿಲ್ಲ.

ಕೇತಕಿ ಬಾಯಾರು ಒಂದಿನ ತಾವ ಕರದು ತೋರಸಿದರು.
ರೆಕ್ಕಿ ಅಂದ್ರ ಒತ್ತಿ ಒತ್ತಿ ಹಚ್ಚಿದ ಟಿಕಳಿ,
ಒಂದು ಟಿಕಳಿಗೆ ಒಂದ ಬಣ್ಣ.
ಯಾವುದು ಕರಿ, ಯಾವುದು ಬಿಳಿ, ಯಾವುದು ಕೆಂಪು,
ಕೋಶದ ಕತ್ತಲದಾಗ ಮೊದಲ ಗೊತ್ತಾಗಿರತದಂತ.
“ಜೀನು ಚಿತ್ರ ಬರಿಯೂದಿಲ್ಲ, ಮಲಕಾರಿ.
ಇಲ್ಲೆ ಅಂತದ. ಈಗ ಅಂತದ. ಸಾಕು ಅಂತದ.”
ಅವರು ಮರಾಠಿಯೊಳಗ ಹೇಳಿದರು,
ನನಗ ನಮ್ಮವ್ವನ ದನಿ ಕೇಳಿತು,
ಕಾಜಾ ಹಾಕೂ ಹುಡಗಗ ಆಕಿ ಹಿಂಗ ಅಂತಿದ್ದಳು:
ಇಲ್ಲೆ. ಈಗ. ಸಾಕೋ ಮಾರಾಯಾ, ಸಾಕು.

ಈ ಚಿಟ್ಟಿಯೊಳಗ ಒಬ್ಬಾಕಿ ತನ್ನ ಗಂಡನಂಗ,
ಕರಿ ಮೈ, ಒಂದು ಬಿಳಿ ಸಾಲು.
ಇನ್ನೊಬ್ಬಾಕಿ ಗುಲಾಬಿ ಚಿಟ್ಟಿ ವೇಷದಾಕಿ,
ಹಿಂದಿನ ರೆಕ್ಕಿ ಅಂಚಿಗೆ ಕೆಂಪು ಚಂದ್ರ, ನಡುವ ಬಿಳಿ ಮಚ್ಚಿ.
ಖರೇ ಗುಲಾಬಿ ಈಶ್ವರಿ ಬಳ್ಳಿ ತಿಂದು
ಮೈಯೆಲ್ಲಾ ಕಹಿ ಮಾಡಕೊಂಡಾಳ.
ಇಕಿ ತಿಂದದ್ದು ನಾ ನೀರು ಹಾಕಿದ ಕರಿಬೇವು.
ಮೈಯಾಗ ವಿಷ ಇಲ್ಲ, ವಿಳಾಸ ಅಷ್ಟ ಪಾಷಾಣ.
ಹಕ್ಕಿ ನೋಡತದ, ಕೊಕ್ಕು ಹಿಂದ ಸರಸತದ.

ಇಷ್ಟಕ್ಕೆಲ್ಲ ಒಂದ ಜೀನಂತ.
ಹೆಣ್ಣು ಯಾವುದು ಗಂಡು ಯಾವುದು ಅಂತ
ಮೈ ವಿಂಗಡಸೂ ಹಳೇ ಕಾರಕೂನ.
ಎಂದೋ ಒಮ್ಮೆ ಆ ತುಂಡು ಹರದು, ತಿರುವಿ,
ಉಲ್ಟಾ ಕೂಡಿತು. ಬಿಚ್ಚಲಿಲ್ಲ ಯಾರೂ.
ರೆಕ್ಕಿ ಲೆಕ್ಕಾನೂ ಅವನ ಮೇಜಿಗೆ ಬಂತು.

ನಾ ನಕ್ಕೆ. ಬಾಯಾರಿಗೆ ಯಾಕಂತ ತಿಳೀಲಿಲ್ಲ.
ಭವಾನಿ ಪೇಟದಾಗ, ಗೌರಿ ಹಬ್ಬದ ಹಿಂದಿನ ರಾತ್ರಿ
ಅವ್ವ ತಂಗೆವ್ವ ಎಡಗೈಲೆ ಕತ್ತರಿ ಹಿಡದು
ಖಣದ ತುಂಡು ತಿರುವಿ ಹೊಲದುಬಿಟ್ಟಿದ್ದಳು.
ದಡಿ ಹೋಗಿ ಬೆನ್ನಿಗೆ ಕೂತಿತ್ತು. ಬಿಚ್ಚಾಕ ಹೊತ್ತಿಲ್ಲ.
ಗಿರಾಕಿ ಬೈದಳು, ಬೈಕೋತ ತೊಟಗೊಂಡಳು.
ಮುಂದಿನ ವಾರ ಆರು ಮಂದಿ ಬಂದರು:
“ನಮಗೂ ಹಂಗ ತಪ್ಪಿ ಹೊಲದು ಕೊಡ್ರಿ.”

ಆದರ ನನ್ನ ತಲಿಯಾಗ ಉಳದದ್ದು ಬ್ಯಾರೆ.
ಗಂಡು ಚಿಟ್ಟಿಯೊಳಗೂ ಆ ತುಂಡು ಇರತದಂತ.
ತಾ ತೊಡೂದಿಲ್ಲ.
ಅವ್ವನ ಕುಪ್ಪಸ ಗಂಟಿನ್ಯಾಗ ಇಟಗೊಂಡು
ಕರಿ ಅಂಗಿಯಾಗ ಹಾರತಾನ, ಏನೂ ಗೊತ್ತಿಲ್ಲದಾವನಂಗ,
ಪಾಲಿಗೆ ಬಂದರ ಮಗಳಿಗೆ ಕೊಡತಾನ.

ನಾ ಬಲಗೈಯಾವ. ಗುಂಡಿ ಕಿತ್ತರ ಪಿನ್ನು ಹಚ್ಚಾವ.
ನನ್ನ ಮಗಳು ಓವಿ ಬಾವಧನದ ಮೈದಾನದಾಗ
ಎಡಗೈಲೆ ಚೆಂಡು ಒಗಿತಾಳ.
ಇತ್ತ ಬಂತು ಅನ್ನೂದರಾಗ ಅತ್ತ ತಿರಗತದ.
ಬ್ಯಾಟು ಹಿಡದ ಹುಡಗಿ ಹಿಂದ ಸರೀತಾಳ.
ಎಡಗೈ ಒಂದ ಜೀನಿನ ಮಾತಲ್ಲ ಅಂತಾರ ಬಾಯಾರು,
ಅಷ್ಟು ಸರಳ ಇಲ್ಲ. ಇರಲಿ.
ನಾ ಬೌಂಡರಿ ಹಗ್ಗದ ಹೊರಗ ಕೂತು ಸೇಂಗಾ ತಿಂತೀನಿ.

ಇವತ್ತು ಇಪ್ಪತ್ತಮೂರನೇ ಕುಂಡದ ಕೋಶ ಕಪ್ಪಾಗೇದ.
ಸಿಪ್ಪಿ ತೆಳ್ಳಗ, ರಾಕೆಲ್ ಕಾಗದದಂಗ,
ಒಳಗ ಮಡಚಿಟ್ಟ ರೆಕ್ಕಿ ಕಾಣತದ,
ಅಂಚಿಗೆ ಒಂದು ಕೆಂಪು.
ಮುಂಜಾನಿ ಅನ್ನೂದರಾಗ ಹೊರಗ ಬರತಾಳ.
ಸಾಕು ಅಂತ ಒಳಗ ಯಾರೋ ಅಂದಿರಬೇಕು.